ತೆರೆದ ಎಂಜಿನ್, ಮುಚ್ಚಿದ ಗಣಿ

ವಿಡಿಯೋ ಗೇಮುಗಳು ನಮ್ಮ ಪತ್ರಿಕೆಗಳಿಗೆ ನೆನಪಾಗುವುದು ಎರಡೇ ಸಂದರ್ಭಗಳಲ್ಲಿ. ಮಕ್ಕಳು ಹಾಳಾಗುತ್ತಿದ್ದಾರೆ ಎಂದು ಹೇಳಬೇಕಾದಾಗ ಒಮ್ಮೆ; ಆ ಉದ್ಯಮದಲ್ಲಿ ಎಷ್ಟು ಕೋಟಿ ಓಡಾಡುತ್ತಿದೆ ಎಂದು ಹೇಳಬೇಕಾದಾಗ ಇನ್ನೊಮ್ಮೆ. ಕತೆಯನ್ನೋ ಸಿನಿಮಾವನ್ನೋ ಪರೀಕ್ಷಿಸುವ ಹಾಗೆ ಒಂದು ಗೇಮನ್ನು ಎದುರಿಗಿಟ್ಟುಕೊಂಡು, ಇದು ಏನು ಹೇಳುತ್ತಿದೆ, ಯಾರ ಪರವಾಗಿ ಹೇಳುತ್ತಿದೆ ಎಂದು ಕೇಳಿದವರು ನಮ್ಮಲ್ಲಿ ಕಡಿಮೆ. ನಾನೂ ಕೇಳಿರಲಿಲ್ಲ. ಕೇಳುವ ಹಾಗೆ ಮಾಡಿದವನು ರಾಬರ್ಟ್‌ಸನ್‌ಪೇಟೆಯಲ್ಲಿರುವ ನನ್ನ ಅಕ್ಕನ ಮಗ.

ಅವನು ಡಿಪ್ಲೊಮಾ ಮುಗಿಸಿದ್ದಾನೆ. ಕೆ.ಜಿ.ಎಫ್.ನ ಸಾವಿರಾರು ಹುಡುಗರ ಹಾಗೆ ಬೆಳಗಿನ ಕತ್ತಲಲ್ಲೇ ರೈಲು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ರಾತ್ರಿ ಮನೆಗೆ ಬಂದು ಊಟ ಮಾಡಿದ ಮೇಲೆ ಅವನಿಗೆ ಉಳಿಯುವುದು ಒಂದೂವರೆ ಗಂಟೆ. ಆ ಹೊತ್ತು ಒಂದು ಹಳೆಯ ಲ್ಯಾಪ್‌ಟಾಪಿನ ಮುಂದೆ ಕಳೆಯುತ್ತದೆ. ಬೆಂಗಳೂರಿನ ಯಾವುದೋ ಕಚೇರಿ ಹಳತಾಯಿತೆಂದು ಮಾರಿದ ಯಂತ್ರ ಅದು. ಹೊಸ ವಿಂಡೋಸ್ ಅದರಲ್ಲಿ ಓಡುವುದಿಲ್ಲ, ಲಿನಕ್ಸ್ ಓಡುತ್ತದೆ. ಕಳೆದ ವರ್ಷ ನಾನು ಬಂಗಾರಪೇಟೆಯಿಂದ ಅವರ ಮನೆಗೆ ಹೋಗಿದ್ದಾಗ, "ಮಾಮೂ, ನೀವು ಚಿಕ್ಕವರಿದ್ದಾಗ ಆಡಿದ್ದು ಇದೇನಾ?" ಎಂದು ಕರೆದು ತೋರಿಸಿದ. ಪರದೆಯ ಮೇಲೆ ಬಿಳಿ ಬಟ್ಟೆ ತೊಟ್ಟ ಒಬ್ಬ ತರುಣ ನೆಲಮಾಳಿಗೆಯಲ್ಲಿ ಓಡುತ್ತಿದ್ದ. 'ಪ್ರಿನ್ಸ್ ಆಫ್ ಪರ್ಷಿಯಾ'!

ತೊಂಬತ್ತರ ದಶಕದ ನಡುವೆ, ಹದಿನೈದರ ವಯಸ್ಸಿನಲ್ಲಿ, ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಮೇಷ್ಟ್ರು ಊಟಕ್ಕೆ ಹೋದ ಹೊತ್ತು ನೋಡಿ ನಾವು ಇದನ್ನು ಆಡುತ್ತಿದ್ದೆವು. ಗೇಮಿನ ಹೆಸರಿನ ಮುಂದೆ 'ಮೆಗಾಹಿಟ್' ಎಂದು ಟೈಪು ಮಾಡಿದರೆ ಕಳ್ಳದಾರಿ ತೆರೆಯುತ್ತದೆ ಎಂಬುದು ಆಗ ಎಲ್ಲ ಹುಡುಗರಿಗೂ ಗೊತ್ತಿದ್ದ ಗುಟ್ಟು. ಡಾಸ್ ಹೋಯಿತು, ಫ್ಲಾಪಿ ಹೋಯಿತು, ಆ ಗೇಮೂ ಹೋಯಿತು ಎಂದುಕೊಂಡಿದ್ದೆ. ಅದು ಲಿನಕ್ಸಿನಲ್ಲಿ ಹೇಗೆ ಬದುಕಿ ಬಂತು? ಆ ಪ್ರಶ್ನೆಯಿಂದಲೇ ಈ ಬರಹ ಶುರುವಾಯಿತು.

ಒಂದು ಯಂತ್ರಕ್ಕೆಂದು ಬರೆದ ಗೇಮನ್ನು ಇನ್ನೊಂದು ಬಗೆಯ ಯಂತ್ರದಲ್ಲಿ ಓಡುವ ಹಾಗೆ ಮಾಡುವುದಕ್ಕೆ 'ಪೋರ್ಟ್' ಎನ್ನುತ್ತಾರೆ. ಉರ್ದುವಿನ ದಾಸ್ತಾನನ್ನು ಕನ್ನಡಕ್ಕೆ ತಂದ ಹಾಗೆ. ಗೇಮಿನೊಳಗೆ ಎರಡು ಭಾಗಗಳಿರುತ್ತವೆ. ಒಂದು ಎಂಜಿನ್. ಓಡಿದರೆ ಎಷ್ಟು ದೂರ, ಬಿದ್ದರೆ ಎಷ್ಟು ಪೆಟ್ಟು, ಯಾವ ಬಾಗಿಲು ಯಾವಾಗ ತೆರೆಯಬೇಕು ಎಂಬ ನಿಯಮಗಳನ್ನೆಲ್ಲ ನಡೆಸುವುದು ಅದೇ. ಇನ್ನೊಂದು ಆ ಎಂಜಿನ್ ಹೊತ್ತು ತರುವ ಸರಕು: ಚಿತ್ರ, ಸದ್ದು, ಕತೆ, ಹಂತಗಳ ನಕ್ಷೆ. ಉರ್ದು ಕಾವ್ಯ ಓದಿದವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಗಜಲಿನ ಛಂದಸ್ಸು, ಕಾಫಿಯಾ, ರದೀಫ್ ಮೂರೂ ಸೇರಿದ್ದಕ್ಕೆ 'ಜಮೀನ್' ಎಂಬ ಹೆಸರಿದೆ. ಒಬ್ಬ ಕವಿಯ ಜಮೀನಿನಲ್ಲಿ ಇನ್ನೊಬ್ಬ ತನ್ನ ಗಜಲ್ ಬರೆಯಬಹುದು. ತರಹೀ ಮುಷಾಯಿರಾದಲ್ಲಿ ಒಂದು ಸಾಲು ಕೊಟ್ಟು, ಎಲ್ಲರೂ ಅದೇ ಜಮೀನಿನಲ್ಲಿ ಬರೆದು ತರಬೇಕೆಂಬುದೇ ಪದ್ಧತಿ. ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಜಮೀನು ಎಲ್ಲರದು, ಶೇರ್ ಬರೆದವನದು.

ಗೇಮುಗಳ ಲೋಕಕ್ಕೆ ಈ ತಿಳಿವಳಿಕೆ ತಡವಾಗಿ ಬಂತು. ಐಡಿ ಸಾಫ್ಟ್‌ವೇರ್ ಎಂಬ ಅಮೆರಿಕದ ಕಂಪನಿ 1993ರಲ್ಲಿ 'ಡೂಮ್' ಎಂಬ ಗುಂಡು ಹಾರಿಸುವ ಗೇಮನ್ನು ತಂದಿತ್ತು. 1997ರ ಡಿಸೆಂಬರಿನಲ್ಲಿ ಅದರ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಮರುಗಳು ಕೈಯಾರೆ ಬರೆದ ಮೂಲ ಬರಹವನ್ನು, ಎಲ್ಲರ ಮುಂದಿಟ್ಟಿತು. ಹಾಗೆ ಹೊರಬಂದದ್ದು ಲಿನಕ್ಸಿನ ಆವೃತ್ತಿಯೇ. 1999ರಲ್ಲಿ ಅದಕ್ಕೆ ಜಿಪಿಎಲ್ ಎಂಬ ಪರವಾನಗಿಯೂ ಸಿಕ್ಕಿತು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ. ಆದರೆ ತಿದ್ದಿದ್ದನ್ನು ಹಂಚುವಾಗ ಮೂಲ ಬರಹವನ್ನು ಮುಚ್ಚಿಡಬೇಡಿ ಎಂಬುದು ಆ ಪರವಾನಗಿಯ ಸಾರ. ಕಂಪನಿ ಬಿಟ್ಟುಕೊಟ್ಟದ್ದು ಎಂಜಿನನ್ನು ಮಾತ್ರ. ಚಿತ್ರ, ಹಂತಗಳನ್ನು ಕೊಡಲಿಲ್ಲ. ಆಗ ಆಸಕ್ತರು ಅದೇ ಎಂಜಿನ್ನಿಗೆ ತಮ್ಮದೇ ಚಿತ್ರ, ಸದ್ದುಗಳನ್ನು ಮಾಡಿಕೊಂಡು 'ಫ್ರೀಡೂಮ್' ಕಟ್ಟಿದರು. ಅವರ ಜಮೀನು, ಇವರ ಗಜಲ್.

ಅದೇ ಕಾಲದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. 1998ರಲ್ಲಿ ಲೋಕಿ ಎಂಬ ಕಂಪನಿ ಹುಟ್ಟಿತು. ವಿಂಡೋಸಿನ ಹೆಸರಾಂತ ಗೇಮುಗಳನ್ನು ಲಿನಕ್ಸಿಗೆ ತಂದು ಮಾರುವುದೇ ಅದರ ಕಸುಬು. ಕೊಳ್ಳುವವರು ಸಾಲಲಿಲ್ಲ. ಸಾಲ ಬೆಳೆಯಿತು. 2002ರ ಜನವರಿಯಲ್ಲಿ ಬಾಗಿಲು ಹಾಕಿತು. ಅದಕ್ಕೆ ಹನ್ನೊಂದು ತಿಂಗಳು ಮೊದಲು, 2001ರ ಫೆಬ್ರವರಿ 28ರಂದು, ನಮ್ಮ ಕೆ.ಜಿ.ಎಫ್.ನ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತ್ತು. ನಷ್ಟ ಎಂಬ ಕಾರಣ ಎರಡೂ ಕಡೆ ಒಂದೇ. ಆದರೆ ಮುಚ್ಚಿದ ಮೇಲೆ ಉಳಿದದ್ದೇನು?

ಲೋಕಿಯಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮ್ ಲಾಂಟಿಂಗಾ ಎಸ್‌ಡಿಎಲ್ ಎಂಬ ಒಂದು ಸಲಕರಣೆ ಮಾಡಿದ್ದರು. ಯಾವ ಯಂತ್ರವಾದರೂ ಸರಿ, ಅದರ ಪರದೆ, ಸದ್ದು, ಕೀಲಿಮಣೆಗಳ ಜೊತೆ ಗೇಮು ಮಾತಾಡುವುದಕ್ಕೆ ನೆರವಾಗುವ ಸಣ್ಣ ಪ್ರೋಗ್ರಾಮುಗಳ ಕಟ್ಟು ಅದು. ಅದರ ಮೂಲ ತೆರೆದಿತ್ತು. ಹಾಗಾಗಿ ಕಂಪನಿ ಸತ್ತರೂ ಅದು ಸಾಯಲಿಲ್ಲ. ನನ್ನ ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ರಾಜಕುಮಾರ ಓಡುತ್ತಿದ್ದುದು ಅದೇ ಎಸ್‌ಡಿಎಲ್‌ನ ಮೇಲೆ. ಆ ಪೋರ್ಟಿನ ಹೆಸರೇ 'ಎಸ್‌ಡಿಎಲ್‌ಪಾಪ್'. ಇತ್ತ, 120 ವರ್ಷ ಅಗೆದು ಸುಮಾರು 800 ಟನ್ ಚಿನ್ನ ಕೊಟ್ಟ ನಮ್ಮ ಗಣಿ ಊರಿಗೆ ಬಿಟ್ಟುಹೋದದ್ದು ನೀರು ತುಂಬಿದ ಬಾವಿಗಳು, ತುಕ್ಕು ಹಿಡಿದ ಕಬ್ಬಿಣದ ಗೋಪುರಗಳು, ಗಾಳಿ ಎದ್ದರೆ ಮನೆಯೊಳಗೆ ಧೂಳು ಸುರಿಯುವ ಸೈನೈಡ್ ಗುಡ್ಡಗಳು. ಆ ಗುಡ್ಡಗಳಲ್ಲೂ ಇನ್ನೂ ಚಿನ್ನವಿದೆಯಂತೆ. ಅಂಥ 13 ಗುಡ್ಡಗಳಿಂದ ಅದನ್ನು ತೆಗೆಯುವುದಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗಣಿಯ ಕಸಕ್ಕೂ ಒಡೆಯರಿದ್ದಾರೆ. ಅಲ್ಲಿ ದುಡಿದವರ ಕೈಗೆ ಉಳಿದದ್ದೇನು ಎಂಬ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ.

ಮತ್ತೆ ರಾಜಕುಮಾರನ ಹತ್ತಿರ ಬರೋಣ. ಜೋರ್ಡಾನ್ ಮೆಕ್‌ನರ್ ಎಂಬ ಅಮೆರಿಕದ ತರುಣ ಬರೆದ ಈ ಗೇಮು 1989ರಲ್ಲಿ ಆಪಲ್ ಟೂ ಯಂತ್ರಕ್ಕೆ ಬಂತು. ತನ್ನ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಭಂಗಿಯನ್ನು ನೋಡಿ ಆತ ಚಿತ್ರ ಬರೆದ. ಆ ಓಟದಲ್ಲಿ ಇಂದಿಗೂ ಉಸಿರಾಡುವ ಮನುಷ್ಯನ ಭಾರ ಕಾಣುವುದು ಅದಕ್ಕೇ. ಅದರ ಸೋರ್ಸ್ ಕೋಡ್ ಕಳೆದುಹೋಗಿತ್ತು. 2012ರಲ್ಲಿ ಅವನ ತಂದೆಗೆ ಮನೆಯಲ್ಲಿ ಹಳೆಯ ಫ್ಲಾಪಿಗಳ ಡಬ್ಬ ಸಿಕ್ಕಿತು. ತಿಳಿದವರ ನೆರವಿನಿಂದ ಅದರಲ್ಲಿದ್ದುದನ್ನು ಓದಿಸಿ ಮೆಕ್‌ನರ್ ಎಲ್ಲರ ಮುಂದಿಟ್ಟ. ಆದರೆ ಗೇಮಿನ ಹಕ್ಕು ಬೇರೆ ಕಂಪನಿಯದು. ತೆರೆದಿಟ್ಟದ್ದು ಬೇರೆ, ಬಿಟ್ಟುಕೊಟ್ಟದ್ದು ಬೇರೆ. ಈ ವ್ಯತ್ಯಾಸ ಮರೆಯಬಾರದು. ಎಸ್‌ಡಿಎಲ್‌ಪಾಪ್ ಮಾಡಿದ ಹವ್ಯಾಸಿಗಳು ಹಿಡಿದದ್ದು ಇನ್ನೊಂದು ದಾರಿ. ಡಾಸ್ ಆವೃತ್ತಿಯನ್ನು ಎಳೆ ಎಳೆಯಾಗಿ ಬಿಚ್ಚಿ, ಅದು ಹೇಗೆ ನಡೆಯುತ್ತದೆಂದು ತಿಳಿದು, ಹೊಸದಾಗಿ ಬರೆದರು.

ಇನ್ನು ಕತೆ. ಸುಲ್ತಾನ ಯುದ್ಧಕ್ಕೆ ಹೋಗಿದ್ದಾನೆ. ವಜೀರ ಜಾಫರ್ ಅಧಿಕಾರ ಕಿತ್ತುಕೊಂಡು, ನನ್ನನ್ನು ಮದುವೆಯಾಗು ಇಲ್ಲವೆ ಸಾಯಿ ಎಂದು ಶಹಜಾದಿಗೆ ಒಂದು ಗಂಟೆಯ ಗಡುವು ಕೊಟ್ಟಿದ್ದಾನೆ. ಸೆರೆಮನೆಯಲ್ಲಿರುವ ನಾಯಕ ಅರವತ್ತು ನಿಮಿಷಗಳಲ್ಲಿ ಮೇಲೆ ಹತ್ತಿ ಬರಬೇಕು. ಹದಿನೈದರ ವಯಸ್ಸಿನಲ್ಲಿ ನನಗೆ ಇದರಲ್ಲೇನೂ ತಪ್ಪು ಕಾಣಲಿಲ್ಲ. ಈಗ ಕಂಡಿತು. ಜಾಫರ್ ಎಂಬ ವಜೀರ ಇತಿಹಾಸದಲ್ಲಿದ್ದ. ಬಗ್ದಾದಿನ ಖಲೀಫ ಹಾರೂನ್ ರಶೀದನ ವಜೀರ, ಬರ್ಮಕಿ ಮನೆತನದವನು. ಬಲ್ಖ್‌ನ ಬೌದ್ಧ ವಿಹಾರವೊಂದರ ಜೊತೆ ಬೇರು ಬೆಸೆದುಕೊಂಡಿದ್ದ, ಭಾರತದ ವೈದ್ಯಗ್ರಂಥಗಳನ್ನು ಅರಬ್ಬಿಗೆ ಅನುವಾದ ಮಾಡಿಸಿದ ಮನೆತನ ಅದು. 'ಅಲಿಫ್ ಲೈಲಾ'ದ ಕತೆಗಳಲ್ಲಿ ಅವನು ವೇಷ ಮರೆಸಿಕೊಂಡ ಖಲೀಫನ ಜೊತೆ ರಾತ್ರಿ ಊರು ಸುತ್ತುವ ಸಂಗಾತಿ. ಕ್ರಿ.ಶ. 803ರಲ್ಲಿ ಅದೇ ಖಲೀಫನ ಅಪ್ಪಣೆಯಿಂದ ತಲೆ ಕಳೆದುಕೊಂಡ. 1940ರ 'ದಿ ಥೀಫ್ ಆಫ್ ಬಗ್ದಾದ್' ಎಂಬ ಸಿನಿಮಾ ಆ ಹೆಸರನ್ನು ಖಳನಿಗೆ ಕೊಟ್ಟಿತು. 1989ರಲ್ಲಿ ಈ ಗೇಮು, 1992ರಲ್ಲಿ ಡಿಸ್ನಿಯ 'ಅಲ್ಲಾದೀನ್' ಅದೇ ಜಾಡು ಹಿಡಿದವು. ಅನ್ಯಾಯದಿಂದ ಕೊಲೆಯಾದವನು ಮಕ್ಕಳ ಪಾಲಿಗೆ ಕೊಲೆಗಾರನಾದ. ಯಾರೋ ಕೂತು ಹೂಡಿದ ಹುನ್ನಾರ ಇದು ಎಂದು ನಾನು ಹೇಳುವುದಿಲ್ಲ. ಸೋಮಾರಿತನದಿಂದಲೂ ಇಷ್ಟು ಕೆಡುಕು ಆಗಬಲ್ಲದು ಎಂಬುದೇ ನನ್ನ ಮಾತು.

ಆದರೆ ಇದೇ ಗೇಮಿನೊಳಗೆ ಇನ್ನೊಂದು ಗೇಮಿದೆ. ನಾಲ್ಕನೆಯ ಹಂತದಲ್ಲಿ ನಾಯಕ ಒಂದು ಕನ್ನಡಿಯೊಳಗಿಂದ ಹಾರಿ ದಾಟಬೇಕು. ಆಗ ಅವನದೇ ನೆರಳು ಆಚೆ ಕಡೆಗೆ ಓಡಿಹೋಗುತ್ತದೆ. ಮುಂದೆ ಅದು ಅವನ ಔಷಧಿ ಕದಿಯುತ್ತದೆ, ಬಾಗಿಲು ಮುಚ್ಚುತ್ತದೆ. ಹನ್ನೆರಡನೆಯ ಹಂತದಲ್ಲಿ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ಪೆಟ್ಟು ಇವನಿಗೇ. ಕೊಂದರೆ ಇವನೇ ಸಾಯುತ್ತಾನೆ. ಇರುವ ದಾರಿ ಒಂದೇ: ಕತ್ತಿಯನ್ನು ಒರೆಗೆ ಸೇರಿಸಿ ನೆರಳಿನ ಕಡೆ ನಡೆಯಬೇಕು. ಆಗ ಎರಡೂ ಒಂದಾಗುತ್ತವೆ. ನಫ್ಸಿನ ಬಗ್ಗೆ ನಮ್ಮ ಸೂಫಿಗಳು ಹೇಳಿದ್ದು ಇದಕ್ಕಿಂತ ಬಹಳ ದೂರವಿಲ್ಲ. ವಿಚಿತ್ರವೆಂದರೆ ಈ ನೆರಳು ಹುಟ್ಟಿದ್ದು ಬಡತನದಿಂದ. ಆ ಕಾಲದ ಯಂತ್ರದ ನೆನಪಿನ ಜಾಗ ಮುಗಿದುಹೋಗಿತ್ತು. ಹೊಸ ಎದುರಾಳಿಯ ಚಿತ್ರಗಳಿಗೆ ಸ್ಥಳವಿರಲಿಲ್ಲ. ಮೆಕ್‌ನರ್ ನಾಯಕನ ಚಿತ್ರವನ್ನೇ ಸ್ವಲ್ಪ ಸರಿಸಿ, ಬಣ್ಣ ತಿರುಗಿಸಿ ಶತ್ರುವನ್ನು ಮಾಡಿಕೊಂಡ. ಬೇರೆಯವರನ್ನು ತರುವ ಅನುಕೂಲ ಇಲ್ಲದಿದ್ದಾಗ ಶತ್ರು ನಮ್ಮೊಳಗೇ ಸಿಕ್ಕಿದ. ಅನುಕೂಲವಿದ್ದಲ್ಲಿ ಪೇಟ ಸುತ್ತಿದ ಕಾವಲುಗಾರನನ್ನು ತಂದು ನಿಲ್ಲಿಸಿದ.

ಇದನ್ನೆಲ್ಲ ನಾನು ಹೇಳಿದಾಗ ಹುಡುಗ ಕೇಳಿಕೊಂಡ. ಆಮೇಲೆ, "ಹಾಗಾದರೆ ಬದಲಾಯಿಸಿ ಮಾಮೂ. ಫೈಲು ಇಲ್ಲೇ ಇದೆ" ಎಂದ. ಎಸ್‌ಡಿಎಲ್‌ಪಾಪ್‌ನಲ್ಲಿ ಚಿತ್ರಗಳೆಲ್ಲ ಬಿಡಿ ಫೈಲುಗಳಾಗಿವೆ. ಗೇಮಿನ ಆರಂಭದಲ್ಲಿ ಕತೆ ಹೇಳುವ ಬರಹವೂ ಅಕ್ಷರವಲ್ಲ, ಚಿತ್ರವೇ. ಆದ್ದರಿಂದ ಫಾಂಟಿನ ತಕರಾರಿಲ್ಲ. ಕನ್ನಡದಲ್ಲೋ ಉರ್ದುವಿನಲ್ಲೋ ಬರೆದು ಅದರ ಜಾಗದಲ್ಲಿ ಇಟ್ಟರಾಯಿತು. ನಿಮಿಷಗಳ ಗಡುವನ್ನು ಒಂದು ಸಾದಾ ಫೈಲಿನಲ್ಲಿ ಬದಲಿಸಬಹುದು. ಹೊಸ ಹಂತಗಳನ್ನು ಕಟ್ಟುವುದಕ್ಕೆ ಬೇರೆ ಸಲಕರಣೆಗಳೂ ಇವೆ.

ಇಪ್ಪತ್ತು ವರ್ಷಗಳಿಂದ ಕತೆ ಬರೆಯುತ್ತಿರುವ ನಾನು ಆ ರಾತ್ರಿ ಮೂರು ಪುಟ್ಟ ಚೌಕಗಳಲ್ಲಿ ಹಿಡಿಸುವಷ್ಟು ಕತೆ ಬರೆಯಲು ಹೋಗಿ ಸೋತೆ. ಜಾಫರನ ಹೆಸರು ಬದಲಿಸಬಹುದು. ಬದಲಿಸಿ ಯಾರ ಹೆಸರಿಡಲಿ? ಯಾರ ಹೆಸರಿಟ್ಟರೂ ಎದುರು ಬಂದವನನ್ನು ಇರಿದು ಮುಂದೆ ಹೋಗು ಎಂಬ ನಿಯಮ ಹಾಗೇ ಇರುತ್ತದೆ. ಆ ನಿಯಮ ಇರುವುದು ಚಿತ್ರದಲ್ಲಿ ಅಲ್ಲ, ಎಂಜಿನ್ನಿನಲ್ಲಿ. ಬರಿಯ ಸರಕು ಬದಲಿಸಿದರೆ ಖಳನ ಜಾತಿ ಬದಲಾಗುತ್ತದೆ, ಕತೆ ಬದಲಾಗುವುದಿಲ್ಲ.

ಅವನ ಯಂತ್ರದಲ್ಲಿದ್ದ ಎರಡನೆಯ ಗೇಮು ಇದನ್ನು ಇನ್ನೂ ಸ್ಪಷ್ಟ ಮಾಡಿತು. ಅದು 'ಓಪನ್‌ಟಿಟಿಡಿ'. ಕ್ರಿಸ್ ಸಾಯರ್ ಎಂಬವರ 'ಟ್ರಾನ್ಸ್‌ಪೋರ್ಟ್ ಟೈಕೂನ್ ಡೀಲಕ್ಸ್' ಎಂಬ 1995ರ ಗೇಮನ್ನು ಹೀಗೇ ಬಿಚ್ಚಿ ಬರೆದು 2004ರಲ್ಲಿ ಹೊರತಂದದ್ದು. 2010ರ ಹೊತ್ತಿಗೆ ಹೊಸ ಚಿತ್ರ, ಸದ್ದುಗಳೂ ಸಿದ್ಧವಾಗಿ, ಮೂಲ ಗೇಮಿನ ಹಂಗಿಲ್ಲದೆ ಆಡುವಂತಾಯಿತು. ಕೈಬದಲಾಗುತ್ತಾ ಇಷ್ಟು ವರ್ಷ ಬಾಳಿದ ಗೇಮುಗಳು ವಿರಳ. ಇದರಲ್ಲಿ ನಾವು ಸಾರಿಗೆ ಕಂಪನಿಯ ಒಡೆಯರು. ರೈಲು ಹಳಿ ಹಾಕಬೇಕು, ಸರಕು ಸಾಗಿಸಬೇಕು. ಹಿಮದ ನಾಡಿನ ಆಟದಲ್ಲಿ ಚಿನ್ನದ ಗಣಿಯೂ ಇದೆ. ಗಣಿಯಿಂದ ಚಿನ್ನ ತುಂಬಿ ಬ್ಯಾಂಕಿಗೆ ಮುಟ್ಟಿಸಿದರೆ ದುಡ್ಡು. ದೂರ ಹೆಚ್ಚಿದಷ್ಟೂ, ಬೇಗ ಮುಟ್ಟಿಸಿದಷ್ಟೂ ಹೆಚ್ಚು ದುಡ್ಡು.

ಬಂಗಾರಪೇಟೆಯಲ್ಲಿ ಕೂತು ಇದನ್ನು ನೋಡುವವನಿಗೆ ಏನನ್ನಿಸಬೇಕು? ನಮ್ಮ ಊರು ಜಂಕ್ಷನ್ ಆದದ್ದೇ ಆ ಗಣಿಯಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಣಿಗೆಂದೇ ಮಾರಿಕುಪ್ಪಂವರೆಗೆ ಕವಲು ಹಾದಿ ಹಾಕಿದರು. ಅಂದಿನ ನಮ್ಮ ಊರಿನ ಹೆಸರು ಬೌರಿಂಗ್‌ಪೇಟೆ, ಒಬ್ಬ ಬಿಳಿಯ ಕಮಿಷನರನ ಹೆಸರು. ಗಣಿಯ ಯಂತ್ರಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಪರದೆಯ ಮೇಲಿನ ನಕ್ಷೆಯಲ್ಲಿ ಇದೆಲ್ಲ ಇದೆ: ಹಳಿ ಇದೆ, ಗಣಿ ಇದೆ, ಬ್ಯಾಂಕಿದೆ, ಲೆಕ್ಕವಿದೆ. ಗಣಿಗೆ ಇಳಿಯುವ ಮನುಷ್ಯ ಮಾತ್ರ ಇಲ್ಲ. ಕೂಲಿ ಲೈನಿನ ಮನೆಗಳಿಲ್ಲ. ಬಂಡೆ ಸಿಡಿಯುವುದಿಲ್ಲ. ಸಿಲಿಕೋಸಿಸ್‌ನಿಂದ ಕೆಮ್ಮಿ ಸಾಯುವವರಿಲ್ಲ. ಗಣಿ ಮುಚ್ಚಿದರೆ ಒಂದು ಸುದ್ದಿ ಬರುತ್ತದೆ, ಬೇರೆ ಕಡೆ ಹಳಿ ಹಾಕಿದರಾಯಿತು. 1880ರಲ್ಲಿ ಇಲ್ಲಿಗೆ ಬಂದ ಜಾನ್ ಟೇಲರ್ ಕಂಪನಿಯ ಲೆಕ್ಕದ ಪುಸ್ತಕ ಕೆ.ಜಿ.ಎಫ್. ಅನ್ನು ನೋಡಿದ ಕಣ್ಣು ಇದೇ. ಗೇಮನ್ನು ದ್ವೇಷಿಸಲು ನನಗೆ ಆಗುವುದಿಲ್ಲ. ಅದು ಸೊಗಸಾದ ಕೆಲಸ, ಗಂಟೆಗಟ್ಟಲೆ ನನ್ನನ್ನೂ ಹಿಡಿದು ಕೂರಿಸಿತು. ಅದಕ್ಕೇ ಹೆದರಿಕೆ. ಒಡೆಯನ ಕಣ್ಣಿನಿಂದ ನೋಡುವುದು ಅಷ್ಟು ಸುಖವಾಗಿರುತ್ತದೆ.

ನನ್ನನ್ನು ನಾನು ಹೊರಗಿಟ್ಟು ಈ ಮಾತು ಹೇಳಲಾರೆ. ನನ್ನ ಹಲವು ಕತೆಗಳಲ್ಲಿ ಕೆ.ಜಿ.ಎಫ್. ಬಂದಿದೆ. ಸಂಜೆಯ ಬೆಳಕಿನಲ್ಲಿ ಹೊಳೆಯುವ ಸೈನೈಡ್ ಗುಡ್ಡವಾಗಿ, ಹಿನ್ನೆಲೆಯ ಪರದೆಯಾಗಿ ಬಂದಿದೆ. 2018 ಮತ್ತು 2022ರ ಎರಡು ಸಿನಿಮಾಗಳು ನಮ್ಮ ಊರಿನ ಹೆಸರನ್ನು ಜಗತ್ತಿಗೇ ಮುಟ್ಟಿಸಿದವು. ಅಲ್ಲಿನ ನರಾಚಿ ಕಲ್ಪನೆಯ ಗಣಿ. ಆ ಸಿನಿಮಾಗಳ ಬಗ್ಗೆ ಗೊಣಗಿದವರಲ್ಲಿ ನಾನೂ ಒಬ್ಬ. ಆದರೆ ಸುಮಾರು ಮೂರು ಸಾವಿರ ಮೀಟರ್ ಆಳಕ್ಕೆ ಇಳಿದು ಬಂದವರನ್ನು ನಾನಾದರೂ ಎಷ್ಟು ಸಲ ಕೂರಿಸಿಕೊಂಡು ಕೇಳಿದ್ದೆ?

ಈಗ ಲಿನಕ್ಸಿನಲ್ಲಿ ಗೇಮುಗಳಿಗೆ ಬರವಿಲ್ಲ. 1993ರಲ್ಲಿ ಶುರುವಾದ 'ವೈನ್' ಎಂಬ ತಂತ್ರಾಂಶ ವಿಂಡೋಸಿನ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ಓಡಿಸುತ್ತದೆ. ಅದರ ಮೇಲೆ ಕಟ್ಟಿದ 'ಪ್ರೋಟಾನ್' ಅನ್ನು 2018ರಲ್ಲಿ ವಾಲ್ವ್ ಕಂಪನಿ ಹೊರತಂದ ಮೇಲೆ ಸಾವಿರಾರು ಹೊಸ ಗೇಮುಗಳು ಓಡುತ್ತಿವೆ. ಇದು ಒಳ್ಳೆಯದೇ. ಆದರೆ ಅಲ್ಲಿ ಎಂಜಿನ್ನಿನ ಬಾಗಿಲು ಮುಚ್ಚಿಯೇ ಇರುತ್ತದೆ. ನಾವು ಆಡುವವರು ಅಷ್ಟೆ. ಆಡುವವನಿಗೆ ದೂರುವ ಹಕ್ಕಿದೆ: ನಮ್ಮನ್ನು ಹೀಗೆ ತೋರಿಸಿದ್ದೀರಿ, ನಮ್ಮವರನ್ನು ಬಿಟ್ಟಿದ್ದೀರಿ ಎಂದು. ಮುಸ್ಲಿಮರಾದ ನಾವು ಆ ಹಕ್ಕನ್ನು ಧಾರಾಳವಾಗಿ ಬಳಸಿದ್ದೇವೆ, ಬಳಸಬೇಕು ಕೂಡ. ಎಂಜಿನ್ ತೆರೆದಿದ್ದಾಗ ಮಾತ್ರ ದೂರು ಅಲ್ಲಿಗೇ ನಿಲ್ಲುವಂತಿಲ್ಲ. ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದಾದರೆ, ಬದಲಾಗಿ ಏನಿರಬೇಕು ಎಂದು ಬರೆಯುವ ಹೊಣೆಯೂ ನಮ್ಮದಾಗುತ್ತದೆ. ಮುಕ್ತ ತಂತ್ರಾಂಶ ಬಿಟ್ಟಿ ಸಿಗುತ್ತದೆ ಎಂಬುದು ಅದರ ಸಣ್ಣ ಗುಣ. ಈ ಹೊಣೆ ಹೊರಿಸುವುದೇ ಅದರ ದೊಡ್ಡ ಗುಣ.

ಹುಡುಗ ಆ ಹೊಣೆ ಹೊತ್ತಿದ್ದಾನೆ. ಅವನು ಬಳಸುತ್ತಿರುವುದು 'ಗೊಡೊ' ಎಂಬ ಎಂಜಿನ್. ಅರ್ಜೆಂಟೀನಾದ ಇಬ್ಬರು ಮಾಡಿ 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಹೆಸರು ಬೆಕೆಟ್‌ನ ನಾಟಕದಿಂದ ಬಂದದ್ದು. 2023ರಲ್ಲಿ ಯೂನಿಟಿ ಎಂಬ ಹೆಸರಾಂತ ಎಂಜಿನ್ನಿನ ಕಂಪನಿ, ಒಂದು ಮಿತಿ ದಾಟಿದ ಗೇಮುಗಳ ಒಂದೊಂದು ಇನ್‌ಸ್ಟಾಲಿಗೂ ಶುಲ್ಕ ಕೊಡಬೇಕೆಂದು ಸಾರಿ, ಗಲಾಟೆಯಾಗಿ, ಮರುವರ್ಷ ಕೈಬಿಟ್ಟಿತು. ಗೊಡೊದಲ್ಲಿ ಹಾಗೆ ನಿಯಮ ಬದಲಿಸುವ ಒಡೆಯರಿಲ್ಲ.

ಅವನ ಗೇಮಿನಲ್ಲಿ ಕತ್ತಿಯಿಲ್ಲ. ಗಣಿಬಾವಿಯ ಮೇಲಿನ ವೈಂಡಿಂಗ್ ಎಂಜಿನ್ ನಡೆಸುವ ಒಬ್ಬ ಡ್ರೈವರ್ ಇದ್ದಾನೆ. ಕೆಳಗಿನ ಜನ ಅವನಿಗೆ ಕಾಣುವುದಿಲ್ಲ. ಗಂಟೆಯ ಸದ್ದು ಕೇಳಿ, ಆಳ ತೋರಿಸುವ ಮುಳ್ಳನ್ನು ನೋಡಿ, ತೊಟ್ಟಿಲನ್ನು ಇಳಿಸಬೇಕು, ಎಳೆಯಬೇಕು. ಆಟ ಇಷ್ಟೇ. ಆ ಕೆಲಸ ಮಾಡಿ ಬಲ್ಲ ಹಿರಿಯರೊಬ್ಬರು ಅಕ್ಕನ ಬೀದಿಯಲ್ಲೇ ಇದ್ದಾರೆ. ಒಂದು ಭಾನುವಾರ ಅವರನ್ನು ಕರೆತಂದು ಕೂರಿಸಿದೆವು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಅದಿರು ಎಳೆಯುವುದಕ್ಕೂ ಜನ ಎಳೆಯುವುದಕ್ಕೂ ಒಂದೇ ವೇಗ ಇಟ್ಟಿದ್ದೀಯಲ್ಲ ತಂಬಿ" ಎಂದು ತಮಿಳಿನಲ್ಲಿ ಹೇಳಿದರು. "ಒಳಗೆ ಜನ ಇದ್ದರೆ ಹೀಗೆ ಎಳೆಯಬಾರದು. ನಿಧಾನ."

"ಸರಿ ತಾತಾ" ಎಂದ ಹುಡುಗ. ಆಟ ನಿಲ್ಲಿಸಿ, ಫೈಲು ತೆರೆದು, ಆ ನಿಯಮ ಬರೆಯಲು ಕೂತ.